ಅರ್ಧ ಗುಲಗಂಜಿ

ಕತ್ತರಿಯ ಸದ್ದು. ದಪ್ಪ ಡ್ರಾಯಿಂಗ್ ಶೀಟಿನ ಮೇಲೆ, ತೀರಾ ನಿಧಾನವಾಗಿ, ಕರ್ರ್... ಕರ್ರ್... ಎಂದು. ನಡುನಡುವೆ ನಿಲ್ಲುತ್ತಿತ್ತು. ಕತ್ತರಿಸುವಾಗ ಅವರು ಉಸಿರು ಹಿಡಿಯುತ್ತಿದ್ದರು, ಉಸಿರು ಬಿಡಬೇಕಾದಾಗ ಕತ್ತರಿ ನಿಲ್ಲಿಸುತ್ತಿದ್ದರು. ಮಧ್ಯಾಹ್ನ ಎರಡೂವರೆಯ ಸ್ಟಾಫ್ ರೂಮು. ನಾನು ಕಾಂಪೊಸಿಷನ್ ಪುಸ್ತಕಗಳ ಮೇಲೆ ಕೆಂಪು ಗೀಟು ಎಳೆಯುತ್ತಾ, ಆ ಸದ್ದು ಮತ್ತೆ ಯಾವಾಗ ಶುರುವಾಗುತ್ತದೋ ಎಂದು ಹಲ್ಲು ಕಚ್ಚಿಕೊಂಡು ಕೂತಿರುತ್ತಿದ್ದೆ.

"ಸರ್, ಐವತ್ತೇಳನೇ ವಯಸ್ಸಿಗೆ ಇದೇನು ಕ್ರಾಫ್ಟ್ ಕ್ಲಾಸು?" ಎಂದು ಒಂದು ದಿನ ಕೇಳಿಯೇಬಿಟ್ಟೆ.

"ಬ್ಲ್ಯಾಕ್ ಹೋಲ್ ಎಷ್ಟು ಜೋರಾಗಿ ತಿರುಗ್ತದೆ ಅಂತ ನೋಡ್ತಿದ್ದೀನಿ ಮೇಡಂ," ಎಂದರು, ತಲೆ ಎತ್ತಲಿಲ್ಲ. "ಮಾತಾಡಿಸಬೇಡಿ, ಗೆರೆ ತಪ್ತದೆ."

ಅವರು ನಮ್ಮ ಫಿಸಿಕ್ಸ್ ಲೆಕ್ಚರರ್. ಶಿಕಾರಿಪುರದ ಕಾಲೇಜಿಗೆ ದಿನಾ ಸೊರಬದಿಂದ ಬಸ್ಸಿನಲ್ಲಿ ಬಂದುಹೋಗುತ್ತಿದ್ದರು. ನಾನು ಅಲ್ಲಿಯ ಇಂಗ್ಲಿಷ್ ಲೆಕ್ಚರರ್, ಅದೇ ಊರಿನ ವ್ಯಾಪಾರಸ್ಥರ ಮನೆಯ ಸೊಸೆ. ಹೋದ ತಿಂಗಳು ಸೊರಬದವರೊಬ್ಬರು ಮದುವೆ ಕಾರ್ಡು ಕೊಡಲು ಬಂದವರು ಕಾಫಿ ಲೋಟ ಕೆಳಗಿಡುತ್ತಾ, "ನಿಮ್ಮ ಫಿಸಿಕ್ಸ್ ಮೇಷ್ಟ್ರು ಹೋಗ್ಬಿಟ್ರಲ್ಲ, ಗೊತ್ತಾಯ್ತಾ?" ಎಂದರು. ಗೊತ್ತಾಗಿರಲಿಲ್ಲ. ಕಾರ್ಡು ಕೊಟ್ಟವರು ಎದ್ದುಹೋದ ಮೇಲೆ ನನಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. I was furious. ಇಪ್ಪತ್ತೈದು ವರ್ಷ ಹಳೆಯ ಸಿಟ್ಟು, ಅದೂ ಒಂದು ಕಾಗದದ ಚೂರಿನ ಬಗ್ಗೆ.

ಆ ಮನುಷ್ಯನ ಜೊತೆ ಮಾತಾಡುವುದೇ ಒಂದು ಪರೀಕ್ಷೆ. "ಇವತ್ತು ಏನು ಸೆಖೆ ಸರ್!" ಎಂದರೆ "ಎಷ್ಟರ ಮಟ್ಟಿಗೆ?" ಎನ್ನುವರು. ಹುಡುಗರು ಬಂದು "ಸರ್, ಪೇಪರ್ ಟಫ್ ಇತ್ತು" ಎಂದರೂ ಅದೇ, "ಎಷ್ಟರ ಮಟ್ಟಿಗೆ?" ನಮ್ಮ ಅತ್ತೆ ತೀರಿಕೊಂಡಾಗ ಮಾತಾಡಿಸಲು ಬಂದರು. "ತುಂಬಾ ದಿನದಿಂದ ಹುಷಾರಿರಲಿಲ್ಲ ಸರ್" ಎಂದು ನಮ್ಮ ಯಜಮಾನರು ಹೇಳಿದಾಗ ನಾನು ಅಡುಗೆಮನೆ ಬಾಗಿಲಲ್ಲಿ ನಿಂತು, ದೇವರೇ, ಇಲ್ಲಿಯೂ ಕೇಳಿಬಿಡದಿರಲಿ ಎಂದು ಬೇಡಿಕೊಂಡೆ. ಕೇಳಲಿಲ್ಲ. ಆದರೆ ತುಟಿ ಅಲ್ಲಾಡಿದ್ದು ಕಂಡಿತು.

ಬಸ್ಸಿನಲ್ಲಿ ಯಾವಾಗಲೂ ಡ್ರೈವರ್ ಹಿಂದಿನ ಸೀಟು. ಜೇಬಿನಲ್ಲಿ ಆರಿಂಚಿನ ಸ್ಟೀಲ್ ಸ್ಕೇಲು, ಪೆನ್ನು ಮರೆತರೂ ಅದನ್ನು ಮರೆಯುತ್ತಿರಲಿಲ್ಲ. ಬೋರ್ಡಿನ ಮೇಲೆ ಲೆಕ್ಕ ಬಿಡಿಸುವಾಗ ಉತ್ತರ ಸರಿ ಬಂದ ಹುಡುಗನಿಗೂ ಸೊನ್ನೆ ಕೊಟ್ಟ ಖ್ಯಾತಿ ಅವರದು. "ಉತ್ತರ ಸರಿ ಇದ್ರೆ ಏನಾಯ್ತು? ಸ್ಟೆಪ್ಸ್ ತಪ್ಪಿದೆ. ಅದೃಷ್ಟಕ್ಕೆ ಮಾರ್ಕ್ಸ್ ಕೊಡೋಕೆ ಬರೋದಿಲ್ಲ."

ಬ್ಲ್ಯಾಕ್ ಹೋಲ್ ವಿಷಯಕ್ಕೆ ಬರುತ್ತೇನೆ. ಅದನ್ನು ಅವರು ನನಗೆ ವಿವರಿಸಿದ್ದು ಒಂದು ಕಾಂಪೊಸಿಷನ್ ಪುಸ್ತಕದ ಹಿಂದಿನ ಹಾಳೆಯಲ್ಲಿ. ನಾನು ಬೇಡವೆಂದರೂ ಬಿಡಲಿಲ್ಲ.

"ನೋಡಿ ಮೇಡಂ. ಕಬ್ಬಿಣದ ಪರಮಾಣುವಿಗೆ ಎಕ್ಸ್-ರೇ ಬಡಿದ್ರೆ ಅದು ತನ್ನದೇ ಒಂದು ಎಕ್ಸ್-ರೇ ಹೊರಗೆ ಬಿಡ್ತದೆ. ಯಾವಾಗಲೂ ಅದೇ ಶ್ರುತಿ. ಗ್ರಾಫ್ ಹಾಕಿದ್ರೆ ಸೂಜಿ ನಿಲ್ಲಿಸಿದ ಹಾಗೆ ಒಂದೇ ಗೆರೆ. ಆದ್ರೆ ಆ ಕಬ್ಬಿಣ ಬ್ಲ್ಯಾಕ್ ಹೋಲ್ ಪಕ್ಕದಲ್ಲಿ ಸುತ್ತುತಾ ಇದ್ರೆ? ಅಲ್ಲಿಂದ ಮೇಲೆ ಹತ್ತಿ ಬರೋ ಬೆಳಕಿಗೆ ಏದುಸಿರು. ಶಕ್ತಿ ಕಳ್ಕೊಂಡು ಬರ್ತದೆ. ಸೂಜಿ ಹೋಗಿ ಹೀಗೆ ಬಾಲ ಎಳೆದುಬಿಡ್ತದೆ." ಎಡಗಡೆಗೆ ಉದ್ದಕ್ಕೆ ಇಳಿದುಹೋಗುವ ಒಂದು ಗೀರು ಎಳೆದರು. "ಎಷ್ಟು ಹತ್ರದಿಂದ ಬಂತೋ ಅಷ್ಟು ದೊಡ್ಡ ಬಾಲ."

"ಅದಕ್ಕೂ ತಿರುಗೋದಕ್ಕೂ ಏನು ಸಂಬಂಧ ಸರ್?"

"ಬಾವಿ ಅಂತ ಇಟ್ಕೊಳ್ಳಿ. ತಿರುಗದ ಬಾವಿ ಆದ್ರೆ ಕಟ್ಟೆಯಿಂದ ಮಾರು ದೂರದಲ್ಲೇ ಸುತ್ತಬೇಕು, ಅದಕ್ಕಿಂತ ಹತ್ರ ಬಂದ್ರೆ ಒಳಗೆ ಬಿದ್ದ ಹಾಗೇ. ತಿರುಗೋ ಬಾವಿ ಆದ್ರೆ ಅದೇ ಕೈಹಿಡಿದು ಸುತ್ತಿಸ್ತದೆ, ಕಟ್ಟೆ ಅಂಚಿನವರೆಗೂ ಹೋಗಬಹುದು. ಅಂದ್ರೆ ಬಾಲ ಭಾರ ಇದ್ರೆ ಕುಳಿ ತಿರುಗ್ತಾ ಇದೆ ಅಂತ. ಎಷ್ಟು ಭಾರವೋ ಅಷ್ಟು ಜೋರು."

ಜಪಾನಿನವರ ಒಂದು ಉಪಗ್ರಹ ಆ ವರ್ಷಗಳಲ್ಲಿ ದೂರದ ಯಾವುದೋ ಗ್ಯಾಲಕ್ಸಿಯಲ್ಲಿ ಅಂಥ ಬಾಲವನ್ನು ಸರಿಯಾಗಿ ಕಂಡಿತ್ತು. ಗ್ಯಾಲಕ್ಸಿಯ ಹೆಸರೋ, ಲಾರಿ ನಂಬರಿನ ಹಾಗೆ ಅಕ್ಷರ, ಗೀಟು, ಅಂಕಿ. ಆ ಗ್ರಾಫಿನ ಜೆರಾಕ್ಸನ್ನು ಬೆಂಗಳೂರಿನ ಒಬ್ಬ ಹಳೆಯ ವಿದ್ಯಾರ್ಥಿನಿ ಅವರಿಗೆ ಕಳಿಸಿದ್ದಳು. ಅದನ್ನು ಚೌಕ ಚೌಕ ಲೆಕ್ಕ ಹಾಕಿ ಡ್ರಾಯಿಂಗ್ ಶೀಟಿನ ಮೇಲೆ ದೊಡ್ಡದಾಗಿ ಬರೆದು, ಕತ್ತರಿಸಿ, ತೂಗುವುದು ಇವರ ಯೋಜನೆ. ವಕ್ರ ಗೆರೆಯ ಕೆಳಗಿನ ಜಾಗವನ್ನು ಅಳೆಯಲು ಹಳಬರು ಹಾಗೆ ಮಾಡುತ್ತಿದ್ದರಂತೆ. ಒಂದೇ ಹಾಳೆಯಾದರೆ ಜಾಗ ಎಷ್ಟೋ ತೂಕ ಅಷ್ಟು. ಕಾಲೇಜಿನಲ್ಲಿ ಒಂದು ಕಂಪ್ಯೂಟರ್ ಇತ್ತು. ಪ್ರಿನ್ಸಿಪಾಲರ ರೂಮಿನಲ್ಲಿ, ವೆಲ್ವೆಟ್ ಬಟ್ಟೆ ಹೊದ್ದುಕೊಂಡು. ಅದಕ್ಕೆ ಆಯುಧಪೂಜೆ ಆಗಿತ್ತು, ಬೇರೇನೂ ಆಗಿರಲಿಲ್ಲ. ಇವರು ಹೋಗಿ ಕೇಳಿದಾಗ ಪ್ರಿನ್ಸಿಪಾಲರು, "ತಿರುಗಿದ್ರ ತಿರುಗವಲ್ದ್ಯಾಕ ಬಿಡ್ರೀ! ಮೊದಲು ನಿಮ್ಮ ಲ್ಯಾಬಿನ ಫ್ಯಾನ್ ಯಾಕ ತಿರುಗವಲ್ದು, ಅದನ್ನ ಕಂಡ್ಹಿಡೀರಿ" ಎಂದರು. ಸ್ಟಾಫ್ ರೂಮಿನಲ್ಲಿ ಒಂದು ವಾರ ಅದೇ ಜೋಕು. ನಾನೂ ನಕ್ಕೆ.

ತೂಗುವುದರಲ್ಲಿ ಒಂದು ತೊಡಕಿತ್ತು. ಕೆಮಿಸ್ಟ್ರಿ ಲ್ಯಾಬಿನ ಗಾಜಿನ ಪೆಟ್ಟಿಗೆಯ ತಕ್ಕಡಿ ಒಳ್ಳೆಯದೇ, ಆದರೆ ಅದರ ಸಣ್ಣ ತೂಕದ ಕಲ್ಲುಗಳೆಲ್ಲ ಪ್ರಾಕ್ಟಿಕಲ್ಸಿನಲ್ಲಿ ಕಳೆದುಹೋಗಿದ್ದವು. ಸೂಜಿಯ ಕಡೆಯ ದೊಡ್ಡ ತುಂಡನ್ನು ತೂಗಬಹುದಿತ್ತು, ಕತ್ತರಿಸಿ ಬೇರೆ ಮಾಡಿದ ಬಾಲವನ್ನಲ್ಲ. ಬಾಲವನ್ನು ಅವರು ಸೊರಬಕ್ಕೆ ಒಯ್ದರು. ಅವರ ಬೀದಿಯಲ್ಲೇ ಒಬ್ಬ ಅಕ್ಕಸಾಲಿ ಆಚಾರ್ರು ಇದ್ದರು, ಗುಲಗಂಜಿಯ ಲೆಕ್ಕದಲ್ಲೇ ಮಾತಾಡುವ ಹಳೆಯ ಕಾಲದವರು. ಅವರ ತಕ್ಕಡಿ ಉಸಿರಿಗೂ ಬಾಗುತ್ತಿತ್ತಂತೆ.

"ಎಂತ ಮಾರಾಯ್ರೆ, ಕಾಗದ ತಂದ್ರಾ?" ಎಂದರಂತೆ ಆಚಾರ್ರು. "ಕಾಗದದ ಮೂಗುತಿ ಮಾಡಿಸ್ತೀರಾ ಮನೆಯವ್ರಿಗೆ?"

ಆಷಾಢದ ಮಳೆ. ಬಾಲ ತೂಗಿತು, ಆರು ಗುಲಗಂಜಿ.

ಮರುದಿನ ಬಸ್ಸಿಳಿದು ಅವರು ಸ್ಟಾಫ್ ರೂಮಿಗೆ ಓಡಿ ಬಂದರು. ಓಡಿದ್ದನ್ನು ನಾನು ಮೊದಲ ಸಲ ನೋಡಿದ್ದು. ಆ ಬ್ಲ್ಯಾಕ್ ಹೋಲ್ ತಿರುಗದೇ ಇದ್ದರೆ, ದೊಡ್ಡ ತುಂಡಿನ ತೂಕಕ್ಕೆ ಹೋಲಿಸಿದಾಗ ಬಾಲ ಐದೂವರೆ ಗುಲಗಂಜಿಗಿಂತ ಹೆಚ್ಚು ತೂಗುವಂತೆಯೇ ಇರಲಿಲ್ಲವಂತೆ. "ತಿರುಗ್ತಾ ಇದೆ ಮೇಡಂ! ಬಹಳ ಜೋರಾಗಿ!"

ನಾನು ಕೇಳಿದೆ, ಸುಮ್ಮನೆ ಚೇಷ್ಟೆಗೆ, "ಎಷ್ಟರ ಮಟ್ಟಿಗೆ ಸರ್?"

ಅವರಿಗೆ ಚೇಷ್ಟೆ ತಿಳಿಯಲಿಲ್ಲ. ಕೂತು ಒಂದು ಪುಟ ಲೆಕ್ಕ ಬರೆದು ಕೊಟ್ಟರು.

ಪುಣೆಯಲ್ಲಿ ಮುಂದಿನ ಬೇಸಿಗೆಗೆ ಖಗೋಳದವರ ಸಭೆಯೊಂದು ಇತ್ತು. ಅದಕ್ಕೆ ಪೇಪರ್ ಕಳಿಸಬೇಕೆಂದು ಅವರ ಆಸೆ. ಮೂವತ್ತು ವರ್ಷ ಅದೇ ಓಮ್ಸ್ ಲಾ, ಅದೇ ಪ್ರಿಸಂ. ಜೂನಿನಲ್ಲಿ ರಿಟೈರ್‌ಮೆಂಟ್. "ಒಂದು ಸಲ ಅವರ ಮುಂದೆ ನಿಂತು ಹೇಳಬೇಕು ಮೇಡಂ. ಹದಿನೈದು ನಿಮಿಷ. ಆಮೇಲೆ ಪೆನ್ಷನ್ ತಗೊಂಡು ಸುಮ್ಮನೆ ಇರ್ತೀನಿ." ಇದಕ್ಕಿಂತ ಹೆಚ್ಚಿನದೇನನ್ನೂ ಅವರು ಬೇಡಿದ್ದು ನನಗೆ ಗೊತ್ತಿಲ್ಲ.

ಟೈಪ್ ಮಾಡಿದ್ದು ನಾನು. ಕಾನ್ವೆಂಟಿನಲ್ಲಿ ಕಲಿತ ಟೈಪಿಂಗು, ಅಪ್ಪ ಕೊಡಿಸಿದ ಪೋರ್ಟಬಲ್ ಮಷೀನು. ಅವರ ಇಂಗ್ಲಿಷೋ, ತಾಲ್ಲೂಕು ಕಚೇರಿಯ ಅರ್ಜಿ. ಬ್ಲ್ಯಾಕ್ ಹೋಲ್ ತಿರುಗುತ್ತಿದೆಯೆಂದು ಈ ಮೂಲಕ ವಿನಮ್ರವಾಗಿ ಅರಿಕೆ ಮಾಡಿಕೊಂಡಿದ್ದರು! ನಾನು ಕುಳಿತು ಒಂದೊಂದು ವಾಕ್ಯವನ್ನೂ ಸ್ನಾನ ಮಾಡಿಸಿ, ತಲೆ ಬಾಚಿ, ರಿಬ್ಬನ್ ಕಟ್ಟಿದೆ. ಅವರು ಪಕ್ಕದಲ್ಲಿ ನಿಂತು, "ಈ 'ವೆರಿ' ತೆಗೀರಿ. ಎಷ್ಟರ ಮಟ್ಟಿಗೆ ವೆರಿ?" ಎನ್ನುತ್ತಿದ್ದರು. ನಾಲ್ಕು ಪುಟಕ್ಕೆ ಮೂರು ವಾರ. ನಮ್ಮ ಯಜಮಾನರು, "ಆ ಕುಳಿ ತಿರುಗೋದು ನಿಲ್ಲಿಸಿಬಿಟ್ಟೀತು, ಬೇಗ ಮುಗಿಸು" ಎನ್ನುವರು.

ಎರಡನೇ ಪುಟದಲ್ಲಿ ಒಂದು ವಾಕ್ಯ ಇತ್ತು. ದೊಡ್ಡ ತುಂಡನ್ನು ಶಿಕಾರಿಪುರದ ಕಾಲೇಜಿನ ತಕ್ಕಡಿಯಲ್ಲೂ ಸಣ್ಣ ತುಂಡನ್ನು ಸೊರಬದಲ್ಲಿ ಮಳೆಗಾಲದ ಇಂಥ ದಿನ ಒಬ್ಬ ಅಕ್ಕಸಾಲಿಗರ ತಕ್ಕಡಿಯಲ್ಲೂ ತೂಗಲಾಯಿತು ಎಂದು. ನಾನು ಅದನ್ನು ಎರಡು ಸಲ ಓದಿದೆ. ನಮಗೆ ಇಂಗ್ಲಿಷ್ ಕಲಿಸಿದ ಸಿಸ್ಟರ್ ಹೇಳುತ್ತಿದ್ದರು, ವಾಕ್ಯದಲ್ಲಿ ಬೇಡದ ವಿವರ ಎಂದರೆ ಫ್ರಾಕಿನ ಕೆಳಗೆ ಪೆಟಿಕೋಟ್ ಇಣುಕಿದ ಹಾಗೆ ಎಂದು. ಪುಣೆಯ ಆ ದೊಡ್ಡ ದೊಡ್ಡ ಜನ ಇದನ್ನು ಓದಿ ನಕ್ಕಾರು ಎನಿಸಿತು. ಅವರು ಆ ದಿನ ಬಸ್ ಹಿಡಿಯಲು ಹೋಗಿಯಾಗಿತ್ತು. ಕೆಮಿಸ್ಟ್ರಿ ಪುಸ್ತಕದಿಂದ ಒಂದು ಗಂಭೀರವಾದ ಪದ ಹುಡುಕಿ, ಆ ವಾಕ್ಯದ ಬದಲು "ಸ್ಟ್ಯಾಂಡರ್ಡ್ ಗ್ರಾವಿಮೆಟ್ರಿಕ್ ಮೆಥಡ್", ಅಂದರೆ ತೂಗುವ ರೂಢಿಯ ವಿಧಾನ, ಎಂದು ಮೂರು ಪದ ಕುಟ್ಟಿ ಮುಗಿಸಿದೆ. ಎಷ್ಟು ಚೆಂದ ಕಂಡಿತು! ಮರುದಿನ ಅವರು ಓದಿ ಸಹಿ ಹಾಕಿದರು. ಆಗಸ್ಟ್ ಕೊನೆಗೆ ಪೋಸ್ಟ್ ಆಯಿತು.

ಫೆಬ್ರವರಿಯಲ್ಲಿ ಉತ್ತರ ಬಂತು. ಬನ್ನಿ, ಹದಿನೈದು ನಿಮಿಷ ಮಾತಾಡಿ ಎಂದು. ಆ ಕಾಗದವನ್ನು ಅವರು ಮಡಚಲೇ ಇಲ್ಲ. ಮಡಚಿದರೆ ಗೆರೆ ಬೀಳುತ್ತದೆಂದು ಎರಡು ರಟ್ಟಿನ ನಡುವೆ ಇಟ್ಟುಕೊಂಡು ಓಡಾಡಿದರು. ಆವರೆಗೆ ಚಪ್ಪಲಿಯಲ್ಲೇ ಬದುಕಿದ್ದ ಮನುಷ್ಯ ಕಪ್ಪು ಶೂ ತೆಗೆದುಕೊಂಡರು. ಫ್ಯಾನಿನ ಜೋಕು ಮಾಡಿದ್ದ ಪ್ರಿನ್ಸಿಪಾಲರೇ ಹಾರ ತರಿಸಿದರು.

ಮಾರ್ಚ್ ಕೊನೆಗೆ ಅವರಿಗೆ ಹೊಳೆಯಿತು, ತೂಕದ ಅಂಕಿಗಳನ್ನು ಇನ್ನೊಮ್ಮೆ ತೆಗೆದುಕೊಂಡರೆ ಅಲ್ಲಿ ತೋರಿಸಲು ಚೆನ್ನ ಎಂದು. ಬಾಲವನ್ನು ಆಚಾರ್ರ ಬಳಿ ಒಯ್ದರು. ಆಚಾರ್ರು ತೂಗಿದರು, ಮತ್ತೆ ತೂಗಿದರು.

"ಮೇಷ್ಟ್ರೇ, ನಿಮ್ಮ ಬಾಲ ಸೊರಗಿದೆ." ಹೆಬ್ಬೆರಳು ತೋರುಬೆರಳ ನಡುವೆ ಒಂದಿಷ್ಟೇ ಸಂದು ಮಾಡಿ ತೋರಿಸಿದರಂತೆ. "ಅರ್ಧ ಗುಲಗಂಜಿ ಕಮ್ಮಿ."

"ಹ್ಯಾಗೆ ಸಾಧ್ಯ ಆಚಾರ್ರೇ? ಅದೇ ತುಂಡು!"

"ಅಯ್ಯ, ಮಳೆಗಾಲದ ಕಾಗದ ನೀರು ಕುಡೀತದೆ ಮಾರಾಯ್ರೆ. ಇದ್ದಿಲೂ ಹಂಗೇ. ಮಳೆಗಾಲದಲ್ಲಿ ಇದ್ದಿಲು ತೂಕಕ್ಕೆ ತಗೊಂಡವನು ಮೂರ್ಖ ಅಂತ ನಮ್ಮಪ್ಪ ಹೇಳ್ತಿದ್ದ."

"ಮತ್ತೆ ಆವತ್ತೇ ಯಾಕೆ ಹೇಳ್ಲಿಲ್ಲ?"

"ನೀವು ಕೇಳಿದ್ದು ತೂಕ ಎಷ್ಟು ಅಂತ. ನೀರೆಷ್ಟು ಅಂತ ಕೇಳಿದ್ರಾ?"

ದೊಡ್ಡ ತುಂಡು ಇದ್ದದ್ದು ಶಿಕಾರಿಪುರದಲ್ಲಿ, ತೇವ ಹೀರುವ ಪುಡಿ ಇಟ್ಟ ಗಾಜಿನ ಪೆಟ್ಟಿಗೆಯೊಳಗೆ, ಹಪ್ಪಳದ ಹಾಗೆ ಒಣಗಿ. ಬಾಲ ಇದ್ದದ್ದು ಸೊರಬದ ಅವರ ಮನೆಯ ತೇವದ ಗೋಡೆಗೆ ಒರಗಿಕೊಂಡು, ಆಷಾಢವನ್ನೆಲ್ಲ ಕುಡಿಯುತ್ತಾ. ಎರಡನ್ನೂ ಒಂದೇ ದಿನ ಒಂದೇ ಕಡೆ ತೂಗಿದರೆ ಲೆಕ್ಕ ಸರಿಯಾಗಿ ಆ ಐದೂವರೆಯ ಗಡಿಯ ಮೇಲೆ ಬಂದು ನಿಂತಿತು. ತಿರುಗುತ್ತದೆ ಎನ್ನುವಂತಿಲ್ಲ, ತಿರುಗುವುದಿಲ್ಲ ಎನ್ನುವಂತೆಯೂ ಇಲ್ಲ.

ನನಗೆ ಉರಿಯುವುದು ಇಲ್ಲಿ. ಇದು ಯಾರಿಗೆ ಗೊತ್ತಿರಲಿಲ್ಲ? ಅಡಿಕೆ ವ್ಯಾಪಾರದ ಮನೆಯಲ್ಲಿ ಇಪ್ಪತ್ತು ವರ್ಷ ಬಾಳಿದವಳು ನಾನು. ಮಳೆಗಾಲದ ಮಾಲು ಭಾರ, ಬೇಸಿಗೆಯ ಮಾಲು ಹಗುರ ಎಂದು ದಿನಾ ಊಟದ ಹೊತ್ತಿಗೆ ಕೇಳಿದವಳು. ರಾತ್ರಿ ಊಟಕ್ಕೆ ಬಡಿಸುತ್ತಾ ವಿಷಯ ಹೇಳಿದಾಗ ಯಜಮಾನರು ತುತ್ತು ಕೈಯಲ್ಲೇ ಹಿಡಿದು ನನ್ನನ್ನು ನೋಡಿ, "ಅಲ್ಲ ಕಣೇ, ಸೊರಬದ ತೂಕಕ್ಕೂ ಶಿಕಾರಿಪುರದ ತೂಕಕ್ಕೂ ವ್ಯತ್ಯಾಸ ಬರೋದು ಮಂಡಿಯ ಹಮಾಲರಿಗೂ ಗೊತ್ತು. ನಿಂಗೆ ಹೊಳೀಲಿಲ್ವಾ?" ಎಂದರು. ಹೊಳೆಯಲಿಲ್ಲ. ವಿಜ್ಞಾನ ಎಂದ ಕೂಡಲೇ ನಮ್ಮ ಮನೆಯ ತಿಳಿವಳಿಕೆ ಹೊರಗೆ ಚಪ್ಪಲಿ ಬಿಟ್ಟಲ್ಲೇ ಉಳಿದಿತ್ತು. ಆದರೆ ಆ ವಾಕ್ಯ ಅಲ್ಲೇ ಇದ್ದಿದ್ದರೆ? ಪುಣೆಯಲ್ಲಿ ಅದನ್ನು ಓದಿದವರಲ್ಲಿ ಒಬ್ಬರಾದರೂ, ಎರಡು ಊರು, ಮಳೆಗಾಲ, ಇದೇನಪ್ಪ ಎಂದು ಕೇಳಿ ಬರೆಯುತ್ತಿದ್ದರು. ಸೆಪ್ಟೆಂಬರಿನಲ್ಲೇ ತಿದ್ದಿಕೊಳ್ಳಬಹುದಿತ್ತು. ಹಾರ, ಶೂ, ಇವೆಲ್ಲ ಆಗುವ ಮೊದಲೇ.

ಅವರು ಸ್ಟಾಫ್ ರೂಮಿಗೆ ಬಂದು, ಆ ಎರಡು ರಟ್ಟನ್ನು ಮೇಜಿನ ಮೇಲಿಟ್ಟು, "ಪೇಪರ್ ವಾಪಸ್ ತಗೋತೀನಿ ಅಂತ ಒಂದು ಲೆಟರ್ ಟೈಪ್ ಮಾಡಿಕೊಡಿ ಮೇಡಂ" ಎಂದರು.

"ಹೋಗಿ ಬನ್ರೀ ಸರ್," ಎಂದೆ. "ಅಲ್ಲೇ ನಿಂತು ಹೇಳಿ, ಹೀಗೆ ತೂಗಿದೆ, ಹೀಗೆ ತಪ್ಪಿತು ಅಂತ. ಅದೂ ವಿಜ್ಞಾನ ಅಲ್ವಾ?"

"ತಿರುಗ್ತದೆ ಅಂತ ಹೇಳೋಕೆ ಕರೆದಿದ್ದಾರೆ. ಗೊತ್ತಿಲ್ಲ ಅಂತ ಹೇಳೋನಿಗೆ ಆ ಹದಿನೈದು ನಿಮಿಷ ಯಾಕೆ? ಗೊತ್ತಿರೋರು ಯಾರಾದ್ರೂ ಮಾತಾಡ್ಲಿ."

"ಅರ್ಧ ಗುಲಗಂಜಿಗೆ ಇಷ್ಟು ವರ್ಷದ ಆಸೆ ಬಿಡ್ತೀರಾ?"

"ಅರ್ಧ ಗುಲಗಂಜಿ ಮೇಲೇ ಅಲ್ವಾ ಮೇಡಂ ನಿಂತಿದ್ದು?"

ನನಗೆ ಎಲ್ಲಿಲ್ಲದ ಕೋಪ ಬಂತು. ಎಲ್ಲದಕ್ಕೂ ಉತ್ತರ ಇರುವ ಈ ಮನುಷ್ಯ! "ನಾನು ಟೈಪ್ ಮಾಡೋದಿಲ್ಲ" ಎಂದುಬಿಟ್ಟೆ. ಕಾರಣ ಕೋಪವೊಂದೇ ಆಗಿರಲಿಲ್ಲ. ಆ ಕಾಗದದಲ್ಲಿ ಎಲ್ಲಿ ತೂಗಿದೆ ಎಂದು ಬರೆಯಲೇಬೇಕಿತ್ತು. ನಾನು ತೆಗೆದ ವಾಕ್ಯವನ್ನು ನನ್ನ ಬೆರಳಿನಿಂದಲೇ ಮತ್ತೆ ಕುಟ್ಟುವ ಧೈರ್ಯ ನನಗಿರಲಿಲ್ಲ. ಅವರು ಅಲ್ಲೇ ಕೂತು, ಸ್ಕೇಲಿಟ್ಟು ಗೆರೆ ಎಳೆದು, ತಮ್ಮ ಅರ್ಜಿಯ ಇಂಗ್ಲಿಷಿನಲ್ಲಿ ಕೈಬರಹದಲ್ಲೇ ಬರೆದು ಕಳಿಸಿದರು. ವಿನಮ್ರವಾಗಿ ಅರಿಕೆ ಮಾಡಿಕೊಂಡು. ಜೂನಿನಲ್ಲಿ ರಿಟೈರ್ ಆದರು. ಬೀಳ್ಕೊಡುಗೆಯಲ್ಲಿ ಮಾತಾಡಿ ಎಂದರೆ, "ಎಲ್ಲರಿಗೂ ನಮಸ್ಕಾರ" ಎಂದು ಕೂತರು. ಹದಿನೈದು ಸೆಕೆಂಡೂ ಆಗಲಿಲ್ಲ.

ಆಮೇಲೆ ಬೇರೆ ಬೇರೆ ಉಪಗ್ರಹಗಳು ಹೋದವು. ಆ ಲಾರಿ ನಂಬರಿನ ಗ್ಯಾಲಕ್ಸಿಯ ಬ್ಲ್ಯಾಕ್ ಹೋಲ್ ಬಲು ಜೋರಾಗಿಯೇ ತಿರುಗುತ್ತಿರಬೇಕು ಎಂದು ಬಲ್ಲವರು ಹೇಳಿದ್ದಾರಂತೆ. ಅದನ್ನು ಇಂಗ್ಲಿಷ್ ಪೇಪರಿನಲ್ಲಿ ಓದಿದ ದಿನ ನಾನು ಪೇಪರನ್ನು ನಾಲ್ಕು ಮಡಿಕೆ ಮಾಡಿ ದಿಂಬಿನ ಕೆಳಗೆ ತುರುಕಿದೆ. ಅವರಿಗೆ ಬರೆಯೋಣ ಎನಿಸಿತು, ಬರೆಯಲಿಲ್ಲ. ಬರೆದಿದ್ದರೆ ಏನು ಹೇಳುತ್ತಿದ್ದರೆಂದು ನನಗೆ ಗೊತ್ತಿತ್ತು. ಸ್ಟೆಪ್ಸ್ ತಪ್ಪಿದೆ.

ಅವರನ್ನು ಕೊನೆಯ ಸಲ ನೋಡಿದ್ದು ಅದಕ್ಕೂ ಮೊದಲು, ಅವರು ರಿಟೈರ್ ಆಗಿ ಎರಡು ವರ್ಷಕ್ಕೆ, ಸೊರಬದ ಬಸ್ ಸ್ಟ್ಯಾಂಡಿನಲ್ಲಿ. ಅದೇ ಊರಲ್ಲೊಂದು ನಾಮಕರಣ ಮುಗಿಸಿ ಶಿಕಾರಿಪುರದ ಬಸ್ಸಿಗೆ ಕಾಯುತ್ತಿದ್ದೆ. ಅವರು ಸಾಗರದ ಬಸ್ಸಿಗೆ ಕಾಯುತ್ತಿದ್ದರು, ಕಣ್ಣಿನ ಡಾಕ್ಟರ ಹತ್ತಿರ ಹೋಗಲು. ಕಾಲಲ್ಲಿ ಆ ಕಪ್ಪು ಶೂ. ನಾನು ನೋಡಿದ್ದನ್ನು ನೋಡಿ, "ಇಟ್ಟು ಇಟ್ಟು ಚರ್ಮ ಬಿರೀತಾ ಇತ್ತು" ಎಂದರು.

ಕಲ್ಲುಬೆಂಚಿನ ಮೇಲೆ ಕೂತೆವು. ನನಗೆ ಆವತ್ತು ಹೇಳಿಬಿಡಬೇಕೆನಿಸಿತು.

"ಸರ್, ನಿಮ್ಮ ಪೇಪರಿನಲ್ಲಿ ಎಲ್ಲೆಲ್ಲಿ ತೂಗಿದ್ದು ಅಂತ ಒಂದು ವಾಕ್ಯ ಇತ್ತಲ್ಲ. ಅದನ್ನ ತೆಗೆದದ್ದು ನಾನು. ನಿಮ್ಮನ್ನ ಕೇಳದೆ."

"ಗೊತ್ತು ಮೇಡಂ. ಓದಿಯೇ ಸಹಿ ಹಾಕಿದ್ದು."

ನಾನು ಅವರ ಮುಖ ನೋಡಿದೆ. "ಮತ್ತೆ ಯಾಕೆ ಸುಮ್ಮನಿದ್ರಿ?"

ಅವರು ಶೂ ನೋಡಿಕೊಂಡರು. "ಅಕ್ಕಸಾಲಿ ತಕ್ಕಡಿ ಅಂದ್ರೆ ನಗ್ತಾರೆ ಅಂತ ಬರೆಯೋವಾಗ್ಲೇ ಅನಿಸಿತ್ತು. ಬರೀಬೇಕಲ್ಲ ಅಂತ ಬರೆದೆ. ನೀವು ತೆಗೆದದ್ದು ನೋಡಿ ಸಮಾಧಾನ ಆಯ್ತು. ಹಾಗಾಗಿ ಬಿಟ್ಟೆ."

ಎರಡು ವರ್ಷ! ಎರಡು ವರ್ಷ ನಾನೊಬ್ಬಳೇ ಹೊತ್ತುಕೊಂಡು ತಿರುಗಿದ್ದೆ ಅದನ್ನು. ಅಷ್ಟರಲ್ಲಿ ಸಾಗರದ ಬಸ್ಸು ಬಂತು. ಅವರು ಹತ್ತಿ ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತರು. ನಾನು ಕಿಟಕಿಯ ಹತ್ತಿರ ಹೋಗಿ ನಿಂತೆ.

"ನನ್ನ ಮೇಲೆ ಬೇಜಾರಿದೆಯೇನ್ರೀ ಸರ್?"

"ಇದೆ," ಎಂದರು.

ಕಂಡಕ್ಟರ್ ಸೀಟಿ ಊದಿದ. ಬಸ್ಸು ಅಲ್ಲಾಡಿತು. ನಾನು ಎರಡು ಹೆಜ್ಜೆ ಜೊತೆಗೇ ನಡೆಯುತ್ತಾ, ಗದ್ದಲದಲ್ಲಿ ಜೋರಾಗಿ ಕೇಳಿದೆ, "ಎಷ್ಟರ ಮಟ್ಟಿಗೆ?"

ಅವರು ಕಿಟಕಿಯ ಸರಳಿನಾಚೆ ಕೈ ಚಾಚಿ, ಹೆಬ್ಬೆರಳು ತೋರುಬೆರಳ ನಡುವೆ ಒಂದಿಷ್ಟೇ ಸಂದು ಮಾಡಿ ತೋರಿಸಿದರು. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಆ ಕೈಯನ್ನು ಹಾಗೆಯೇ ಹಿಡಿದಿದ್ದರು.